ಕಾರಿನ ಟೈರ್ ಅದಲು ಬದಲು: ಎಡವಟ್ಟಾಗುವುದು ನಟ್ ಬಿಗಿಯುವಾಗ

ಕಳೆದ ಮಳೆಗಾಲದಲ್ಲಿ ಅಕ್ಕನ ಕಾರು ಪಂಕ್ಚರ್ ಆಗಿ ರಸ್ತೆ ಬದಿಯಲ್ಲಿ ನಿಂತಿತು. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಚಕ್ರ ಬದಲಿಸುವುದು ಅವಳಿಗೆ ಗೊತ್ತೂ ಇತ್ತು. ಆದರೆ ಐದು ನಟ್‌ಗಳಲ್ಲಿ ಒಂದೂ ಅಲುಗಲಿಲ್ಲ. ಅದರ ಹಿಂದಿನ ವಾರವಷ್ಟೇ ಟೈರ್ ರೊಟೇಶನ್, ಅಂದರೆ ಚಕ್ರಗಳ ಜಾಗ ಅದಲು ಬದಲು, ಮಾಡಿಸಿದ್ದಳು. ಗಾಳಿಯ ಬಲದಿಂದ ನಟ್ ಬಿಗಿಯುವ ಏರ್ ಗನ್ ಹಿಡಿದವರು ಕೈ ಬಿಡದೆ ಬಿಗಿದು ಕಳಿಸಿದ್ದರು. ನಾನು ಹೋಗಿ ಪಾನಾದ ಮೇಲೆ ಹತ್ತಿ ನಿಂತಾಗ ನಾಲ್ಕು ಬಿಟ್ಟವು, ಐದನೆಯದರ ಬೋಲ್ಟೇ ತುಂಡಾಯಿತು. ಇದಕ್ಕೆ ತದ್ವಿರುದ್ಧವಾದುದನ್ನೂ ಕಂಡಿದ್ದೇನೆ. ಮನೆಯಲ್ಲೇ ಚಕ್ರ ಬದಲಿಸಿಕೊಂಡ ಸ್ನೇಹಿತರೊಬ್ಬರು ಎರಡು ದಿನ ‘ಟಕ್ ಟಕ್’ ಸದ್ದು ಕೇಳಿಸಿಕೊಂಡೇ ಓಡಾಡಿ, ಕೊನೆಗೆ ನೋಡಿದರೆ ಮೂರು ನಟ್‌ಗಳು ಬೆರಳಿಗೇ ತಿರುಗುತ್ತಿದ್ದವು. ಟೈರ್ ಅದಲು ಬದಲು ಮನೆಯ ಮುಂದೆ ಒಂದೂವರೆ ಗಂಟೆಯಲ್ಲಿ ಮುಗಿಯುವ ಕೆಲಸ. ಕೆಡುವುದು ಬಹುತೇಕ ನಟ್‌ಗಳ ಹತ್ತಿರವೇ.

ಅದಲು ಬದಲು ಏಕೆ ಬೇಕು? ಇಂದಿನ ಹೆಚ್ಚಿನ ಫ್ಯಾಮಿಲಿ ಕಾರುಗಳಲ್ಲಿ ಎಂಜಿನ್ ಇರುವುದೂ ಮುಂದೆ, ಕಾರನ್ನು ಎಳೆಯುವುದೂ ಮುಂದಿನ ಚಕ್ರಗಳೇ. ತಿರುವಿನಲ್ಲಿ ಉಜ್ಜಿಸಿಕೊಳ್ಳುವುದು, ಬ್ರೇಕ್ ಒತ್ತಿದಾಗ ಭಾರ ಹೊರುವುದು ಎಲ್ಲವೂ ಅವುಗಳ ಪಾಲಿಗೆ. ಹಾಗಾಗಿ ಅವು ಬೇಗ ಸವೆಯುತ್ತವೆ. 8,000ದಿಂದ 10,000 ಕಿಲೋಮೀಟರಿಗೆ ಒಮ್ಮೆ ಜಾಗ ಬದಲಿಸಿದರೆ ನಾಲ್ಕೂ ಹೆಚ್ಚು ಕಡಿಮೆ ಸಮನಾಗಿ ಸವೆಯುತ್ತವೆ.

ಜಾಕ್ ತೆಗೆಯುವ ಮುಂಚೆ ಟೈರುಗಳ ಮೇಲೆ ಅಂಗೈ ಆಡಿಸಿ ನೋಡಿ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಹೆಚ್ಚಾಗಿತ್ತು, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆಯಿತ್ತು ಎಂದರ್ಥ. ಒಂದೇ ಅಂಚು ಸವೆದಿದ್ದರೆ ಮೊದಲು ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಮಾಡಿಸಿ. ಅದನ್ನು ಬಿಟ್ಟು ಜಾಗ ಬದಲಿಸಿದರೆ ಇನ್ನೊಂದು ಜೋಡಿಯೂ ಹಾಗೇ ಹಾಳಾಗುತ್ತದೆ. ಟೈರಿನ ನೆಲಕ್ಕೆ ತಾಗುವ ಮೈಯಾದ ಟ್ರೆಡ್‌ನ ಗೆರೆಗಳ ಒಳಗೆ ಅಡ್ಡಕ್ಕೆ ಸಣ್ಣ ದಿಣ್ಣೆಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟ್ರೆಡ್ ಅವುಗಳ ಮಟ್ಟಕ್ಕೆ ಬಂದಿದ್ದರೆ ಅದಲು ಬದಲಿನ ಮಾತು ಬಿಡಿ, ಹೊಸ ಟೈರ್ ತನ್ನಿ.

ಯಾವುದು ಎಲ್ಲಿಗೆ? ಮುಂದಿನ ಚಕ್ರಗಳು ಎಳೆಯುವ ಕಾರಾದರೆ ಮುಂದಿನ ಎರಡೂ ಅದೇ ಬದಿಯಲ್ಲಿ ನೇರ ಹಿಂದಕ್ಕೆ ಹೋಗುತ್ತವೆ. ಹಿಂದಿನ ಎರಡೂ ಅಡ್ಡ ದಾಟಿ, ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಮುಂದಕ್ಕೆ ಬರುತ್ತವೆ. ಹಿಂದಿನ ಚಕ್ರಗಳು ತಳ್ಳುವ ಕಾರಾದರೆ ಇದರ ತಿರುವುಮುರುವು: ಹಿಂದಿನವು ನೇರ ಮುಂದಕ್ಕೆ, ಮುಂದಿನವು ಅಡ್ಡ ದಾಟಿ ಹಿಂದಕ್ಕೆ. ಟೈರಿನ ಪಕ್ಕದಲ್ಲಿ ತಿರುಗುವ ದಿಕ್ಕು ತೋರಿಸುವ ಬಾಣದ ಗುರುತಿದ್ದರೆ ಮಾತ್ರ ಬದಿ ದಾಟಿಸಬೇಡಿ, ಒಂದೇ ಬದಿಯಲ್ಲಿ ಹಿಂದೆ ಮುಂದೆ ಮಾಡಿ. ಮುಂದೊಂದು ಸೈಜು, ಹಿಂದೊಂದು ಸೈಜು ಇರುವ ಕಾರಿಗೆ ಈ ಅದಲು ಬದಲು ನಡೆಯದು.

ಒಂದೇ ಜಾಕ್‌ನಿಂದ ನಾಲ್ಕು ಚಕ್ರ ಹೇಗೆ ಬದಲಿಸುವುದು ಎಂದು ಹಲವರು ಕೈ ಚೆಲ್ಲುತ್ತಾರೆ. ಎರಡನೇ ಜಾಕ್ ಸಾಲ ತಂದು ಎರಡು ಕಡೆ ಒಟ್ಟಿಗೆ ಎತ್ತುವವರೂ ಇದ್ದಾರೆ. ಅದು ಬೇಡವೇ ಬೇಡ. ಸ್ಟೆಪ್ನಿ ಇದ್ದರೆ ಸಾಕು. ಮುಂದಿನ ಚಕ್ರಗಳು ಎಳೆಯುವ ಕಾರಾದರೆ ಮುಂದಿನ ಎಡ ಚಕ್ರ ಬಿಚ್ಚಿ ಅಲ್ಲಿ ಸ್ಟೆಪ್ನಿ ಕೂರಿಸಿ. ಬಿಚ್ಚಿದ್ದನ್ನು ಹಿಂದಿನ ಎಡಕ್ಕೆ ಹಾಕಿ. ಅಲ್ಲಿಂದ ಬಂದದ್ದು ಮುಂದಿನ ಬಲಕ್ಕೆ, ಅಲ್ಲಿನದು ಹಿಂದಿನ ಬಲಕ್ಕೆ. ಕೊನೆಯದಾಗಿ ಕೈಯಲ್ಲಿ ಉಳಿದದ್ದನ್ನು ಸ್ಟೆಪ್ನಿ ತೆಗೆದು ಮುಂದಿನ ಎಡಕ್ಕೆ. ಐದು ಸಲ ಜಾಕ್ ಏರಿಸಬೇಕು ನಿಜ, ಆದರೆ ಯಾವ ಹೊತ್ತಿನಲ್ಲೂ ಒಂದೇ ಮೂಲೆ ಗಾಳಿಯಲ್ಲಿರುತ್ತದೆ. ಪ್ರತಿ ಚಕ್ರದ ಒಳಮೈಗೆ ಅದು ಮೊದಲಿದ್ದ ಜಾಗವನ್ನು ಸೀಮೆಸುಣ್ಣದಲ್ಲಿ ಬರೆದಿಡಿ. ಮೂರನೇ ಚಕ್ರದ ಹೊತ್ತಿಗೆ ಎಲ್ಲರಿಗೂ ಗೊಂದಲ ಬರುತ್ತದೆ.

ಕಾರು ಸಮತಟ್ಟಾದ ಗಟ್ಟಿ ನೆಲದ ಮೇಲಿರಲಿ. ಹ್ಯಾಂಡ್ ಬ್ರೇಕ್ ಎಳೆದು ಗೇರ್ ಹಾಕಿ. ಆಟೊಮ್ಯಾಟಿಕ್ ಆದರೆ ಪಾರ್ಕಿಂಗ್‌ನಲ್ಲಿಡಿ. ಸಾಮಾನ್ಯವಾಗಿ ಹ್ಯಾಂಡ್ ಬ್ರೇಕ್ ಹಿಡಿಯುವುದು ಹಿಂದಿನ ಚಕ್ರಗಳನ್ನು ಮಾತ್ರ. ಹಿಂಬದಿ ಎತ್ತುವಾಗ ಅದರ ಹಿಡಿತ ಅರ್ಧ ಹೋದಂತೆಯೇ. ಆದ್ದರಿಂದ ಎತ್ತುವ ಮೂಲೆಗೆ ಎದುರು ಮೂಲೆಯ ಚಕ್ರಕ್ಕೆ ಹಿಂದೂ ಮುಂದೂ ಕಲ್ಲು ಕೊಡಿ. ಬಾಗಿಲಿನ ಕೆಳಗೆ, ಕಾರಿನ ಬಾಡಿಯ ಅಂಚಿನಲ್ಲಿ, ಚಕ್ರದ ಹತ್ತಿರ, ಎರಡು ಸಣ್ಣ ಕಚ್ಚುಗಳಿರುತ್ತವೆ. ಜಾಕ್‌ನ ತಲೆ ಅವುಗಳ ನಡುವೆಯೇ ಕೂರಬೇಕು. ಚಕ್ರ ನೆಲದ ಮೇಲಿರುವಾಗಲೇ ಪ್ರತಿ ನಟ್ ಅರ್ಧ ಸುತ್ತು ಸಡಿಲಿಸಿ, ಆಮೇಲೆ ಎತ್ತಿ. ಬಿಚ್ಚಿದ ಚಕ್ರವನ್ನು ಕಾರಿನ ಅಂಚಿನ ಕೆಳಗೆ ಮಲಗಿಸಿಡಿ. ಜಾಕ್ ಜಾರಿದರೆ ಕಾರು ಅದರ ಮೇಲೆ ಕೂರುತ್ತದೆ. ಏನೇ ಆದರೂ ಕಾರಿನ ಅಡಿಗೆ ತಲೆ, ಕಾಲು ಹೋಗಕೂಡದು.

ನಟ್ ಬಿಚ್ಚಿದರೂ ಚಕ್ರ ತಾನು ಕೂರುವ ಲೋಹದ ತಟ್ಟೆಯಾದ ಹಬ್‌ಗೆ ಕಚ್ಚಿಕೊಂಡಿದ್ದರೆ ಜಾಕ್ ಮೇಲಿರುವ ಕಾರನ್ನು ಜಗ್ಗಾಡಬೇಡಿ. ನಟ್‌ಗಳನ್ನು ಮತ್ತೆ ಹಾಕಿ, ಒಂದು ಸುತ್ತು ಸಡಿಲವಾಗಿ ಬಿಟ್ಟು, ಕಾರು ಇಳಿಸಿ, ಬದಿಯಿಂದ ತಳ್ಳಿ ಅಲುಗಾಡಿಸಿ. ‘ಟಪ್’ ಎಂದು ಬಿಡುತ್ತದೆ.

ಇನ್ನು ಮುಖ್ಯ ಕೆಲಸ. ಚಕ್ರ ತೆಗೆದಾಗ ಹಬ್‌ನ ಮುಖ ನೋಡಿ. ತುಕ್ಕಿನ ಹಕ್ಕಳೆ, ಒಣಗಿದ ಕೆಸರು ಇದ್ದೇ ಇರುತ್ತದೆ. ಅದರ ಮೇಲೇ ಚಕ್ರ ಕೂರಿಸಿ ಬಿಗಿದರೆ ನಟ್ ಹಿಡಿದಿರುವುದು ತುಕ್ಕನ್ನು. ನೂರು ಕಿಲೋಮೀಟರ್ ಓಡುವಷ್ಟರಲ್ಲಿ ಹಕ್ಕಳೆ ಪುಡಿಯಾಗಿ ನಟ್ ಸಡಿಲವಾಗುತ್ತದೆ. ವೈರ್ ಬ್ರಶ್‌ನಿಂದ ಹಬ್ ಮತ್ತು ಚಕ್ರ ಎರಡೂ ಸೇರುವ ಮುಖಗಳನ್ನು ಲೋಹ ಕಾಣುವವರೆಗೆ ಉಜ್ಜಿ, ಒಣಬಟ್ಟೆಯಿಂದ ಒರೆಸಿ. ಬೋಲ್ಟ್‌ಗಳಿಗೆ ಗ್ರೀಸ್, ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ ಏನೂ ಬೇಡ. ಕಂಪನಿ ಹೇಳುವ ಬಿಗಿತದ ಲೆಕ್ಕ ಸಾಮಾನ್ಯವಾಗಿ ಒಣ ಥ್ರೆಡ್‌ಗೆ. ಎಣ್ಣೆ ಬಿದ್ದರೆ ಅಷ್ಟೇ ಬಲಕ್ಕೆ ನಟ್ ಇನ್ನೂ ಮುಂದೆ ಹೋಗಿ ಬೋಲ್ಟನ್ನು ಎಳೆದುಬಿಡುತ್ತದೆ.

ನಟ್‌ಗಳನ್ನು ಬೆರಳಿನಿಂದಲೇ ಶುರು ಮಾಡಿ. ಚೂಪಾದ, ಶಂಕುವಿನಂಥ ತುದಿ ಚಕ್ರದ ಕಡೆಗಿರಬೇಕು. ಆ ತುದಿಯೇ ಚಕ್ರವನ್ನು ನಡುವಿಗೆ ತಂದು ಕೂರಿಸುವುದು. ಬೆರಳಿಗೆ ಸಲೀಸಾಗಿ ನಾಲ್ಕೈದು ಸುತ್ತು ಹೋಗದಿದ್ದರೆ ಥ್ರೆಡ್ ಓರೆಯಾಗಿ ಹಿಡಿದಿದೆ. ಪಾನಾ ಹಾಕಿ ಒತ್ತಾಯ ಮಾಡದೆ ಬಿಚ್ಚಿ ಮತ್ತೆ ಹಾಕಿ. ಎಲ್ಲವೂ ಕೂತ ಮೇಲೆ, ಚಕ್ರ ಗಾಳಿಯಲ್ಲಿರುವಾಗಲೇ, ಪಾನಾದಿಂದ ಹಗುರವಾಗಿ ಬಿಗಿಯಿರಿ. ಐದು ನಟ್ ಇದ್ದರೆ ಒಂದು ಬಿಟ್ಟು ಒಂದು, ನಕ್ಷತ್ರ ಬರೆದ ಹಾಗೆ. ನಾಲ್ಕಿದ್ದರೆ ಎದುರುಬದುರು. ಸುತ್ತಲೂ ಸಾಲಾಗಿ ಬಿಗಿಯುತ್ತಾ ಹೋದರೆ ಚಕ್ರ ಒಂದು ಕಡೆ ಒತ್ತಿಕೊಂಡು ಇನ್ನೊಂದು ಕಡೆ ಕೂದಲೆಳೆಯಷ್ಟು ಸಂದಿ ಬಿಡುತ್ತದೆ. ಹಬ್‌ಗೂ ಚಕ್ರಕ್ಕೂ ನಡುವೆ ಬ್ರೇಕ್ ಡಿಸ್ಕ್ ಸಿಕ್ಕಿಕೊಂಡಿರುವುದು ಮರೆಯಬೇಡಿ. ಈ ಓರೆ ಅದಕ್ಕೂ ತಗುಲಿ, ಮುಂದೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ನಡುಗುತ್ತದೆ.

ಈಗ ಟೈರ್ ನೆಲಕ್ಕೆ ತಾಗಿ ತಿರುಗದಷ್ಟು ಕಾರು ಇಳಿಸಿ, ಅದೇ ಕ್ರಮದಲ್ಲಿ ಕೊನೆಯ ಬಿಗಿತ ಕೊಡಿ. ಎಷ್ಟು ಎಂಬುದು ಕಾರಿನ ಪುಸ್ತಕದಲ್ಲಿದೆ. ಬಹಳಷ್ಟು ಫ್ಯಾಮಿಲಿ ಕಾರುಗಳಿಗೆ ಅದು 80ರಿಂದ 120 ನ್ಯೂಟನ್ ಮೀಟರ್ (ತಿರುಚುವ ಬಲದ ಅಳತೆ) ಒಳಗೆ. ಬೇಕಾದ ಬಿಗಿತ ಮುಟ್ಟಿದಾಗ ‘ಕ್ಲಿಕ್’ ಎನ್ನುವ ಪಾನಾ, ಅಂದರೆ ಟಾರ್ಕ್ ರೆಂಚ್ ಒಂದನ್ನು ಕೊಂಡುಬಿಡಿ, ಇದರಲ್ಲಿ ನನ್ನದು ಹಟವೇ. ಮೊದಲ ಸುತ್ತಿನಲ್ಲಿ ಪುಸ್ತಕ ಹೇಳಿದ್ದರ ಅರ್ಧ, ಎರಡನೇ ಸುತ್ತಿನಲ್ಲಿ ಪೂರ್ತಿ, ‘ಕ್ಲಿಕ್’ ಎಂದೊಡನೆ ಕೈ ನಿಲ್ಲಿಸಿ. ರೆಂಚ್ ಇಲ್ಲದವರಿಗೆ ಒಂದು ಅಂದಾಜು: ಪಾನಾದ ಹಿಡಿ 25 ಸೆಂಟಿಮೀಟರ್ ಇದ್ದರೆ ಅದರ ತುದಿಯಲ್ಲಿ ಸುಮಾರು 40 ಕಿಲೋ ಭಾರ ಬಿದ್ದಾಗ 100 ನ್ಯೂಟನ್ ಮೀಟರ್ ಆಗುತ್ತದೆ. 70 ಕಿಲೋ ತೂಗುವವರು ಹತ್ತಿ ನಿಂತರೆ 170 ದಾಟಿತು. ಪಾನಾಕ್ಕೆ ಕಬ್ಬಿಣದ ಪೈಪ್ ತೂರಿಸಿ ಬಿಗಿಯುವವರು ಎಲ್ಲಿಗೆ ಮುಟ್ಟುತ್ತಾರೆ ಎಂದು ನೀವೇ ಲೆಕ್ಕ ಹಾಕಿ. ಉದ್ದ ಹಿಡಿಯ ಉಪಯೋಗ ಬಿಚ್ಚುವುದಕ್ಕೆ ಮಾತ್ರ. ಟಾರ್ಕ್ ರೆಂಚನ್ನಂತೂ ಬಿಚ್ಚಲು ಬಳಸಲೇಬೇಡಿ, ಅದರ ಅಳತೆ ಕೆಡುತ್ತದೆ.

ಸಾಕೆಟ್ ಕೊಳ್ಳುವಾಗ ಒಳಗೆ ಆರು ಮೂಲೆ ಇರುವುದನ್ನೇ ಆರಿಸಿ. ಹನ್ನೆರಡು ಮೂಲೆಯ ಅಗ್ಗದ ಸಾಕೆಟ್ ಎರಡು ಸಲ ಜಾರಿದರೆ ನಟ್‌ನ ಮೂಲೆ ಸವೆದು ಉಂಡೆಯಾಗುತ್ತದೆ. ಹೊಳೆಯುವ ತಗಡಿನ ಟೊಪ್ಪಿಗೆ ಹಾಕಿದ ನಟ್‌ಗಳೂ ನನಗೆ ಆಗಿಬರುವುದಿಲ್ಲ. ಒಳಗೆ ತುಕ್ಕು ಹಿಡಿದು ಟೊಪ್ಪಿಗೆ ಉಬ್ಬಿದರೆ ಪಾನಾವೇ ಕೂರದು.

ಸ್ಟೆಪ್ನಿ ತಾತ್ಕಾಲಿಕವಾಗಿ ಕೂತಾಗಲೂ ಅದರ ಎಲ್ಲ ನಟ್ ಹಾಕಿ, ಹದವಾಗಿ ಬಿಗಿದೇ ಮುಂದಿನ ಮೂಲೆಗೆ ಹೋಗಿ. ಎರಡು ನಟ್ ಸಾಕು ಎನ್ನುವ ಅಡ್ಡದಾರಿ ಬೇಡ.

ಎಲ್ಲ ಮುಗಿದ ಮೇಲೆ ಗಾಳಿ. ಮುಂದೆ ಹಿಂದೆ ಬೇರೆ ಬೇರೆ ಒತ್ತಡ ಹೇಳಿರುವ ಕಾರುಗಳಲ್ಲಿ ಈಗ ಅದು ಅದಲು ಬದಲಾಗಿರುತ್ತದೆ. ಟೈರ್ ತಣ್ಣಗಿರುವಾಗ, ಬಾಗಿಲ ಚೌಕಟ್ಟಿನ ಚೀಟಿ ನೋಡಿ ಸರಿಮಾಡಿ. ಗಾಳಿಯ ಸೆನ್ಸರ್ ಇರುವ ಕಾರಾದರೆ ಪುಸ್ತಕದಲ್ಲಿ ಹೇಳಿದಂತೆ ರೀಸೆಟ್ ಮಾಡಿ. ತಾರೀಖು, ಕಿಲೋಮೀಟರ್ ಬರೆದಿಟ್ಟುಕೊಳ್ಳಿ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ರೆಂಚ್ ತೆಗೆದು ಪ್ರತಿ ನಟ್‌ಗೂ ಮತ್ತೊಮ್ಮೆ ಹಾಕಿ ನೋಡಿ. ಅಲಾಯ್ ಚಕ್ರಗಳಿಗೆ ಇದನ್ನು ತಪ್ಪಿಸಲೇಬೇಡಿ. ಅಕ್ಕ ಈಗ ರೆಂಚನ್ನು ಡಿಕ್ಕಿಯಲ್ಲೇ, ಸ್ಟೆಪ್ನಿಯ ಪಕ್ಕ, ಹಳೆಯ ಟವೆಲ್ ಸುತ್ತಿ ಇಟ್ಟುಕೊಂಡಿದ್ದಾಳೆ. ಹೋದ ಸಲ ಅವಳ ಇಪ್ಪತ್ತು ನಟ್‌ಗಳಲ್ಲಿ ಎರಡು ‘ಕ್ಲಿಕ್’ ಎನ್ನುವ ಮುಂಚೆ ಕಾಲು ಸುತ್ತು ತಿರುಗಿದವು.