ಕೆಂಪು ಫೆಲ್ಟಿನ ಪುಟ್ಟ ಕಾಲುಚೀಲ, ಒಳಗೊಂದು ಹಿಡಿ ಚಾಕಲೇಟು

ಡಿಸೆಂಬರ್ ಬಂತೆಂದರೆ ಬೆಳಗಾವಿಯ ಕ್ಯಾಂಪ್ ಭಾಗದ ಮನೆಗಳ ಮುಂದೆ ಕಾಗದದ ನಕ್ಷತ್ರಗಳು ತೂಗತೊಡಗುತ್ತವೆ. ಮಗಳ ಗೆಳತಿಯರಿಗೆ, ಓಣಿಯ ಹುಡುಗರಿಗೆ, ನೆಂಟರ ಮಕ್ಕಳಿಗೆ ಎಂದು ಲೆಕ್ಕ ಹಾಕಿದರೆ ಹತ್ತಿಪ್ಪತ್ತು ಉಡುಗೊರೆ ಬೇಕು. ಎಲ್ಲವನ್ನೂ ಅಂಗಡಿಯಲ್ಲೇ ಕೊಂಡರೆ ಕೈ ಸುಡುತ್ತದೆ. ಫೆಲ್ಟಿನಲ್ಲಿ ಹೊಲಿದ ಕಾಲುಚೀಲಕ್ಕೆ ಐದಾರು ಚಾಕಲೇಟು ತುಂಬಿ ಕೊಟ್ಟರೆ ಖರ್ಚು ಕಡಿಮೆ. ಚಾಕಲೇಟು ಮುಗಿದ ಮೇಲೂ ಚೀಲ ಉಳಿಯುತ್ತದೆ, ಮುಂದಿನ ವರ್ಷ ಕ್ರಿಸ್‌ಮಸ್ ಗಿಡಕ್ಕೆ ಕಟ್ಟಲು ಬರುತ್ತದೆ.

ಮೊದಲು ಫೆಲ್ಟಿನ ಗುಣ ತಿಳಿದಿರಬೇಕು. ಇಳಕಲ್ ಸೀರೆಯಂತೆ ಇದಕ್ಕೆ ಹಾಸು ಹೊಕ್ಕು ಇಲ್ಲ. ನಾರುಗಳನ್ನು ಒಂದಕ್ಕೊಂದು ಸಿಕ್ಕಿಸಿ ಒತ್ತಿದ ಹಾಳೆ ಅದು. ಹಾಗಾಗಿ ಎಲ್ಲಿ ಕತ್ತರಿಸಿದರೂ ಎಳೆ ಬಿಚ್ಚುವುದಿಲ್ಲ. ಅಂಚು ಮಡಚುವ ಕೆಲಸವಿಲ್ಲ, ಮಶೀನೂ ಬೇಡ. ಆದರೆ ಅಂಚಿಗೆ ತೀರ ಸಮೀಪ ಸೂಜಿ ಚುಚ್ಚಿ ಜಗ್ಗಿದರೆ ತಡೆದು ಹಿಡಿಯಲು ಅಲ್ಲಿ ಎಳೆಯೇ ಇರುವುದಿಲ್ಲ, ಕಿತ್ತುಕೊಂಡು ಬರುತ್ತದೆ.

ಹತ್ತು ಚೀಲಕ್ಕೆ ಬೇಕಾದದ್ದು: ಎ4 ಅಳತೆಯ ಕೆಂಪು ಫೆಲ್ಟ್ ಶೀಟ್ 5, ಬಿಳಿಯದು 1, ಕಸೂತಿ ದಾರದ 8 ಮೀಟರಿನ ಲಡಿ 2, ಕಾಲು ಇಂಚಿನ ಸ್ಯಾಟಿನ್ ರಿಬ್ಬನ್ ಒಂದೂವರೆ ಮೀಟರ್, ದಪ್ಪ ಕಣ್ಣಿನ ಚೂಪು ಸೂಜಿ, ಗುಂಡುಪಿನ್ನು. ಸ್ಟೇಷನರಿ ಅಂಗಡಿಯಲ್ಲೋ ಮ್ಯಾಚಿಂಗ್ ಸೆಂಟರಿನಲ್ಲೋ ಶೀಟುಗಳನ್ನು ಬಿಡಿಯಾಗಿ ಕೊಳ್ಳಿ. ಬಣ್ಣಬಣ್ಣದ ಪ್ಯಾಕೆಟ್ ತಂದರೆ ಅರ್ಧ ಬಣ್ಣ ಹಾಗೇ ಉಳಿಯುತ್ತದೆ. ಪಕ್ಕದಲ್ಲೇ ಫೋಮ್ ಶೀಟ್ ಇರುತ್ತದೆ, ನೋಟಕ್ಕೆ ಹೆಚ್ಚೂಕಡಿಮೆ ಒಂದೇ. ಬೆರಳಿನಿಂದ ಸವರಿ ನೋಡಿ: ಫೆಲ್ಟಿಗೆ ಜುಂಗು ಇರುತ್ತದೆ, ಫೋಮ್ ರಬ್ಬರಿನಂತೆ ನುಣುಪು. ಫೋಮ್ ಮೇಲೆ ಹೊಲಿದರೆ ಸೂಜಿಯ ತೂತುಗಳ ಗುಂಟ ಹರಿಯುತ್ತದೆ. ದಪ್ಪ 1 ಮಿ.ಮೀ. ಸಾಕು.

ಹಳೆಯ ಲಗ್ನಪತ್ರಿಕೆಯ ರಟ್ಟಿನ ಮೇಲೆ ಕಾಲುಚೀಲದ ಆಕಾರ ಬರೆದುಕೊಳ್ಳಿ. ಎತ್ತರ 14 ಸೆಂ.ಮೀ., ಪಾದದ ಉದ್ದ 10, ಬಾಯಿಯ ಅಗಲ 7. ಈ ಅಳತೆಯನ್ನು ದಾಟಬೇಡಿ. ಎ4 ಶೀಟಿನಲ್ಲಿ ಇಂಥ ನಾಲ್ಕು ತುಂಡು, ಅಂದರೆ ಎರಡು ಚೀಲ, ಸರಿಯಾಗಿ ಕೂಡುತ್ತವೆ. ರಟ್ಟನ್ನು ಅಕ್ಕಪಕ್ಕ ಒಂದೇ ದಿಕ್ಕಿಗೆ ಇಟ್ಟು ಬರೆದಾಗ, ಪಾದ ಒಂದು ಸೆಂ.ಮೀ. ಹೆಚ್ಚಾದರೂ ಎರಡೇ ತುಂಡು ಬಂದು ಉಳಿದದ್ದು ಚೂರಾಗುತ್ತದೆ.

ಕೆಂಪು ಫೆಲ್ಟಿನ ಮೇಲೆ ಸವೆದ ಸೋಪಿನ ಚೂರಿನಿಂದ ಗುರುತು ಹಾಕಿ. ಪೆನ್ನಿನ ಗೆರೆ ಹೋಗುವುದೇ ಇಲ್ಲ. ಎರಡು ಪದರ ಸೇರಿಸಿ ಕತ್ತರಿಸುವ ಆಸೆ ಬೇಡ, ಕೆಳಗಿನದು ಜಾರಿ ಒಂದೆರಡು ಮಿ.ಮೀ. ವ್ಯತ್ಯಾಸ ಬರುತ್ತದೆ. ತಿರುವಿನಲ್ಲಿ ಕತ್ತರಿಯನ್ನಲ್ಲ, ಬಟ್ಟೆಯನ್ನು ತಿರುಗಿಸಿ. ಮಿನುಗು ಹಚ್ಚಿದ ಫೆಲ್ಟಾದರೆ ಎರಡನೆಯ ತುಂಡಿಗೆ ರಟ್ಟನ್ನು ಮಗುಚಿ ಇಡಬೇಕು, ಇಲ್ಲವಾದರೆ ಮಿನುಗಿನ ಮುಖ ಒಳಗೆ ಹೋಗುತ್ತದೆ.

ಬಾಯಿಯ ಪಟ್ಟಿಗೆ ಬಿಳಿ ಫೆಲ್ಟಿನಲ್ಲಿ 7×3 ಸೆಂ.ಮೀ.ನ ತುಂಡುಗಳು ಬೇಕು, ಚೀಲಕ್ಕೆ ಎರಡರಂತೆ. ಕಸೂತಿ ಗೊತ್ತಿರುವವರಿಗೆ ಈ ಪಟ್ಟಿ ಒಳ್ಳೆಯ ಅಂಗಳ. ಮೆಂತೆ ಹೊಲಿಗೆಯಲ್ಲಿ (ಕ್ರಾಸ್ ಸ್ಟಿಚ್) ಒಂದು ಗಿಡ, ಗವಂತಿಯಲ್ಲಿ (ಹೋದ ದಾರಿಯಲ್ಲೇ ಮರಳಿ ಬಂದು ಖಾಲಿ ಜಾಗ ತುಂಬುವ ಹೊಲಿಗೆ) ಒಂದು ನಕ್ಷತ್ರ ಬಹಳ ಚೆಂದ ಕೂಡುತ್ತವೆ. ಆದರೆ ಎಳೆ ಎಣಿಸಿ ಹಾಕುವ ಹೊಲಿಗೆಗೆ ಇಲ್ಲಿ ಎಣಿಸಲು ಎಳೆಯೇ ಇಲ್ಲ. ಅದಕ್ಕೆ ಬಟರ್ ಪೇಪರಿನ ಮೇಲೆ ಪೆನ್ಸಿಲಿನಿಂದ 5 ಮಿ.ಮೀ.ಗೊಂದು ಚುಕ್ಕೆ ಇಟ್ಟು, ಪಟ್ಟಿಯ ಮೇಲೆ ಪಿನ್ನು ಮಾಡಿ, ಕಾಗದದ ಸಮೇತ ಹೊಲಿಯಿರಿ. ಮುಗಿದ ಮೇಲೆ ಕಾಗದವನ್ನು ಮೆಲ್ಲಗೆ ಹರಿದು ತೆಗೆದರೆ ವಿನ್ಯಾಸವಷ್ಟೇ ಉಳಿಯುತ್ತದೆ. ಕಸೂತಿ ಹಾಕಿ, ಪಟ್ಟಿಯನ್ನು ಕೆಂಪು ತುಂಡಿಗೆ ಸೇರಿಸಿದ ಮೇಲೆಯೇ ಎರಡು ತುಂಡು ಜೋಡಿಸಬೇಕು. ಚೀಲವಾದ ಮೇಲೆ ಒಳಗೆ ಬೆರಳು ತೂರಿಸಿ ಹೊಲಿಯುವುದು ಆಗದ ಮಾತು.

ಅಂಟಿನಿಂದಲೇ ಮುಗಿಸಿಬಿಡೋಣ ಎನ್ನಿಸಬಹುದು. ತೆಳು ಫೆಲ್ಟಿನಲ್ಲಿ ಬಿಳಿ ಅಂಟು ಇಂಗಿ ಮೇಲೆ ಕಲೆ ಮೂಡುತ್ತದೆ, ಒಣಗಿದಾಗ ಹಪ್ಪಳದಂತೆ ಬಿರುಸಾಗುತ್ತದೆ. ಅಲಂಕಾರದ ತುಣುಕಿಗೆ ಸಾಸಿವೆಯಷ್ಟು ಬಿಸಿ ಅಂಟು ಸಾಕು. ಚೀಲದ ಅಂಚಿಗೆ ಹೊಲಿಗೆಯೇ ಬೇಕು.

ಆ ಹೊಲಿಗೆ ಬ್ಲಾಂಕೆಟ್ ಸ್ಟಿಚ್. ಆರು ಎಳೆಯ ದಾರವನ್ನು ಮೂರು ಎಳೆಗೆ ಬಿಡಿಸಿ, ಒಂದು ಸಲಕ್ಕೆ ಒಂದು ಮೊಳ ಪೋಣಿಸಿ. ಉದ್ದವಾದರೆ ದಾರಕ್ಕೆ ಜುಂಗು ಹಿಡಿದು ಗಂಟಾಗುತ್ತದೆ. ಒಂದು ಚೀಲಕ್ಕೆ ಸುಮಾರು ನಾಲ್ಕು ಮೊಳ ಹಿಡಿಯುತ್ತದೆ. ಗಂಟು ಎರಡು ಪದರಗಳ ನಡುವೆ ಅಡಗಿರಲಿ. ಬಾಯಿಯ ಒಂದು ಮೂಲೆಯಲ್ಲಿ ಮೂರು ಸುತ್ತು ಹಾಕಿ ಶುರುಮಾಡಿ, ಇನ್ನೊಂದು ಮೂಲೆಯಲ್ಲಿ ಮತ್ತೆ ಮೂರು ಸುತ್ತು. ಮಕ್ಕಳ ಕೈ ಜಗ್ಗುವುದು ಅಲ್ಲಿಯೇ. ಅಂಚಿನಿಂದ 4 ಮಿ.ಮೀ. ಒಳಗೆ ಸೂಜಿ ಇಳಿಸಿ, ದಾರದ ಕುಣಿಕೆಯೊಳಗಿಂದ ಮೇಲೆ ತಂದು, ದಾರ ಅಂಚಿನ ಮೇಲೆ ಮಲಗುವಷ್ಟೇ ಎಳೆಯಿರಿ. ಬಿಗಿಯಾದರೆ ಅಂಚು ಸುಕ್ಕುಗಟ್ಟುತ್ತದೆ. ಹೊಲಿಗೆಯಿಂದ ಹೊಲಿಗೆಗೆ 5 ಮಿ.ಮೀ. ಅಂತರ. ಚೀಲದ ಕಾಲ್ಬೆರಳ ತುದಿಯ ದುಂಡಿನಲ್ಲಿ ಅಂಚಿನ ಅಂತರ ಅಷ್ಟೇ ಇರಲಿ, ಒಳಗಿನ ಚುಚ್ಚುಗಳು ತಾವಾಗಿ ಹತ್ತಿರ ಬರುತ್ತವೆ. ಆದರೆ ಒಂದೇ ತೂತಿನಲ್ಲಿ ಎರಡು ಸಲ ಚುಚ್ಚಿದರೆ ಅದು ಅಗಲವಾಗಿ ಬಾಯಿಬಿಡುತ್ತದೆ.

ಬಾಯಿಯಲ್ಲಿ ಹಿಮ್ಮಡಿಯ ಬದಿಯ ಮೂಲೆಗೆ ಬಂದಾಗ 15 ಸೆಂ.ಮೀ. ರಿಬ್ಬನ್ ಮಡಚಿ, ತುದಿಗಳನ್ನು ಪದರಗಳ ನಡುವೆ ಒಂದೂವರೆ ಸೆಂ.ಮೀ. ಇಳಿಸಿ ಹೊಲಿಯಿರಿ. ತುದಿಗಳನ್ನು ಮೊದಲೇ ದೀಪದ ಉರಿಗೆ ತೋರಿಸಿದ್ದರೆ ಬಿಚ್ಚುವುದಿಲ್ಲ. ಸುಕ್ಕಿದ್ದರೆ ಇಸ್ತ್ರಿಯನ್ನು ಕಡಿಮೆ ಬಿಸಿಯಲ್ಲಿಟ್ಟು, ಮೇಲೆ ಹತ್ತಿ ಬಟ್ಟೆ ಹಾಸಿ ಒತ್ತಿ. ಅಂಗಡಿಯ ಫೆಲ್ಟ್ ಹೆಚ್ಚಾಗಿ ಪಾಲಿಯೆಸ್ಟರ್, ನೇರ ಬಿಸಿಗೆ ಕರಗಿ ಇಸ್ತ್ರಿಗೆ ಹತ್ತಿಕೊಳ್ಳುತ್ತದೆ.

ತುಂಬುವಾಗ ಲೆಕ್ಕ ತಪ್ಪುವವರು ಬಹಳ. ಬಾಯಿ 7 ಸೆಂ.ಮೀ. ಇದ್ದರೂ ಎರಡೂ ಬದಿಯ ಹೊಲಿಗೆ ಕಳೆದರೆ ಸಿಗುವುದು ಆರಕ್ಕಿಂತ ತುಸು ಹೆಚ್ಚು. ಉಬ್ಬಿದ ಚಾಕಲೇಟು ಹಾಕಿದಂತೆ ಅದೂ ಕಿರಿದಾಗುತ್ತದೆ. ಪಾದಕ್ಕೆ ಮೊದಲು ಎರಡು ಇಳಿಸಿ, ಆಮೇಲೆ ಮೂರೋ ನಾಲ್ಕೋ. ಮೇಲಿನ 2 ಸೆಂ.ಮೀ. ಖಾಲಿ ಬಿಡಿ. ಕ್ರಿಸ್‌ಮಸ್‌ಗೆ ಕರಿಯುವ ಸಿಹಿ ಕುಲ್‌ಕುಲ್ ಅಥವಾ ಗೋಕಾಕದ ಕರದಂಟು ಕೊಡುವುದಾದರೆ ಬಟರ್ ಪೇಪರಿನಲ್ಲಿ ಸುತ್ತಿಯೇ ಇಡಿ. ಎಣ್ಣೆ ತುಪ್ಪದ ಕಲೆ ಫೆಲ್ಟಿನಿಂದ ಹೋಗುವುದು ಕಷ್ಟ. ಬೆಳಗಾವಿಯ ಹಾಲಿನ ಸಿಹಿ ಕುಂದಾ ಇದಕ್ಕಲ್ಲ, ಅದರ ಪಸೆ ಕಾಗದ ದಾಟುತ್ತದೆ.

ಲಾಲಿಪಾಪ್‌ಗೆ ಚೀಲವೇ ಬೇಡ. ಉಳಿದ ಫೆಲ್ಟಿನಲ್ಲಿ 8 ಸೆಂ.ಮೀ.ನ ನಕ್ಷತ್ರ ಕತ್ತರಿಸಿ, ನಡುವೆ 2 ಸೆಂ.ಮೀ. ಅಂತರದಲ್ಲಿ ಮೇಲೊಂದು ಕೆಳಗೊಂದು 6 ಮಿ.ಮೀ.ನ ಅಡ್ಡ ಸೀಳು ಮಾಡಿ, ಕಡ್ಡಿಯನ್ನು ಪೋಣಿಸಿದರಾಯಿತು.

ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಕೊಡುವ ಚೀಲಕ್ಕೆ ಗುಂಡಿ, ಮಣಿ ಹಚ್ಚಬೇಡಿ, ಗಟ್ಟಿ ಪೆಪ್ಪರಮಿಂಟನ್ನೂ ಹಾಕಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತವೆ. ಕೊಡುವ ಮೊದಲು ಗುಂಡುಪಿನ್ನುಗಳನ್ನು ಎಣಿಸಿ ಡಬ್ಬಿಗೆ ಹಾಕಿ.