ಬರೀ ತಗಡಿಗೆ ಯಾವ ಪ್ರೈಮರ್? ಹಳೇ ಕಾರಿಗೆ ನಾನು ಹಾಕಿದ್ದು

ಹಳೇ ಗಾಡಿಗೆ ಮತ್ತೆ ಪೇಂಟ್ ಮಾಡ್ಸೋರು ಕಲರ್ ಬಗ್ಗೆ ತುಂಬಾ ತಲೆ ಕೆಡಿಸ್ಕೋತಾರೆ, ಪ್ರೈಮರ್ ಮಾತ್ರ ಯಾವುದು ಸಿಕ್ತೋ ಅದನ್ನೇ ಹೊಡೀತಾರೆ. ನಾನು ನನ್ನ ಹಳೇ ಕಾರಿನ ಪೇಂಟ್ ಪೂರ್ತಿ ಕಿತ್ತು ತಗಡಿನವರೆಗೂ ಇಳಿಸಿದಾಗ ಕಲರ್ ಆಮೇಲೆ ನೋಡ್ಕೊಂಡ್ರಾಯ್ತು ಅಂತ ಬಿಟ್ಟು, ಮೊದಲು ಪ್ರೈಮರ್ ಕಂಪನಿಗಳು ಕೊಡೋ ಡೇಟಾ ಶೀಟ್‌ಗಳನ್ನ ಕೂತು ಓದಿದೆ. ಯಾಕಂದ್ರೆ ಮೇಲಿನ ಕೋಟ್ ಕೆಟ್ರೆ ಉಜ್ಜಿ ಇನ್ನೊಂದ್ಸಲ ಹೊಡೀಬಹುದು, ತಗಡಿಗೆ ಅಂಟಿರೋ ಮೊದಲ ಪದರ ಕೈಕೊಟ್ರೆ ಮೇಲಿರೋದೆಲ್ಲಾ ಅದರ ಜೊತೆನೇ ಎದ್ದು ಬರತ್ತೆ.

ಪ್ರೈಮರ್ ಅಂತ ಡಬ್ಬದ ಮೇಲೆ ಬರೆದಿರೋದೆಲ್ಲಾ ತುಕ್ಕು ತಡೆಯಲ್ಲ, ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಸರ್ಫೇಸರ್ ಅಂತ ಬರತ್ತಲ್ಲ, ದಪ್ಪಗೆ ಕೂರೋದು, ಅದರಲ್ಲಿ ಟಾಲ್ಕ್ ಥರದ ಪುಡಿ ತುಂಬಿರತ್ತೆ, ಉಜ್ಜೋಕೆ ಸುಲಭ ಆಗೋದೂ ಅದರಿಂದಾನೇ, ತೇವ ಹೀರ್ಕೊಳ್ಳೋದೂ ಅದರಿಂದಾನೇ. ಅದನ್ನ ನೇರ ತಗಡಿಗೆ ಹೊಡೆದು ಗಾಡೀನ ತಿಂಗಳುಗಟ್ಟಲೆ ಹಾಗೇ ನಿಲ್ಸಿದ್ರೆ ತೇವ ನಿಧಾನಕ್ಕೆ ಒಳಗಿಳಿದು ಅಡಿಯಲ್ಲಿ ತುಕ್ಕು ಶುರುವಾಗತ್ತೆ, ಮೇಲಿಂದ ಏನೂ ಕಾಣಲ್ಲ. ಸ್ಪ್ರೇ ಕ್ಯಾನಲ್ಲಿ ಬರೋ ಸಾಮಾನ್ಯ ಪ್ರೈಮರ್ ಕಥೇನೂ ಹೆಚ್ಚುಕಮ್ಮಿ ಇದೇ. ಗೇಟು ಗ್ರಿಲ್ಲಿಗೆ ಬಳಿಯೋ ರೆಡ್ ಆಕ್ಸೈಡನ್ನ ಗಾಡಿಗೆ ಹಾಕೋರಿದ್ದಾರೆ, ಅದರ ಮೇಲೆ ಜೋರಾದ ಥಿನ್ನರ್ ಇರೋ ಕಲರ್ ಬಿದ್ರೆ ಸುಕ್ಕುಗಟ್ಟಿ ಏಳೋ ಸಾಧ್ಯತೆ ಜಾಸ್ತಿ, ನಾನಂತೂ ಆ ಕಡೆ ಹೋಗ್ಲಿಲ್ಲ.

ಕೊನೆಗೆ ಉಳಿದಿದ್ದು ಎರಡು, ಎಚ್ (etch) ಪ್ರೈಮರ್ ಮತ್ತು ಎಪಾಕ್ಸಿ ಪ್ರೈಮರ್. ಎಚ್ ಪ್ರೈಮರಲ್ಲಿ ಫಾಸ್ಫರಿಕ್ ಆಸಿಡ್ ಇರತ್ತೆ, ಅದು ಲೋಹದ ಮೇಲ್ಮೈನ ಸ್ವಲ್ಪ ತಿಂದು ಗಟ್ಟಿಯಾಗಿ ಹಿಡ್ಕೊಳತ್ತೆ, ಅಲ್ಯೂಮಿನಿಯಂಗೆ ಬಹಳ ಚೆನ್ನಾಗಿ ಕೂರತ್ತೆ. ಆದರೆ ಪದರ ತೀರಾ ತೆಳು, ಸುಮಾರು 10 ಮೈಕ್ರಾನ್ ಅಷ್ಟೇ, ಅದೊಂದೇ ನೀರು ತಡೆಯಲ್ಲ, ಮೇಲೆ ಬೇರೆ ಪ್ರೈಮರ್ ಬೇಕೇ ಬೇಕು. ಅದರ ಮೇಲೆ ಪಾಲಿಯೆಸ್ಟರ್ ಪುಟ್ಟಿ ಹಾಕೋ ಹಾಗಿಲ್ಲ, ಒಳಗಿರೋ ಆಸಿಡ್ ಪುಟ್ಟಿ ಸರಿಯಾಗಿ ಗಟ್ಟಿಯಾಗೋಕೆ ಬಿಡಲ್ಲ, ಎಪಾಕ್ಸಿ ಕಂಪನಿಗಳೂ ಸಾಮಾನ್ಯವಾಗಿ ಎಚ್ ಪ್ರೈಮರ್ ಮೇಲೆ ನಮ್ದು ಹೊಡೀಬೇಡಿ ಅಂತಾನೇ ಹೇಳ್ತಾರೆ. ನನ್ನ ಕಾರಿನ ಬಾಡಿ ತುಂಬಾ ಡೆಂಟು, ಪುಟ್ಟಿ ಇಲ್ದೆ ಆಗೋ ಮಾತೇ ಇಲ್ಲ. ಅಲ್ಲಿಗೆ ಎಪಾಕ್ಸಿ ಅಂತ ಗಟ್ಟಿ ಆಯ್ತು.

ಎಪಾಕ್ಸಿ ಎರಡು ಡಬ್ಬದ್ದು, ಒಂದು ರೆಸಿನ್ ಇನ್ನೊಂದು ಹಾರ್ಡ್ನರ್, ಎರಡೂ ಸೇರಿ ರಾಸಾಯನಿಕವಾಗಿ ಗಟ್ಟಿಯಾಗೋದ್ರಿಂದ ಪದರ ಬಿಗಿಯಾಗಿರತ್ತೆ, ತೇವ ಸುಲಭಕ್ಕೆ ದಾಟಲ್ಲ. ಅದರ ಮೇಲೆ ಪುಟ್ಟಿ ಹಾಕಬಹುದು, ಸರ್ಫೇಸರ್ ಹಾಕಬಹುದು. ಬಿಸಿಲಿಗೆ ಮಾತ್ರ ಹಾಗೇ ಬಿಡಬಾರದು, ಪುಡಿಪುಡಿ ಆಗತ್ತೆ.

ಇಷ್ಟೆಲ್ಲಾ ಹೇಳಿದ್ರೂ ಎಪಾಕ್ಸಿ ಹಿಡಿಯೋದು ಬಿಡೋದು ಅಡಿಯಲ್ಲಿರೋ ತಗಡಿನ ಮೇಲೆ ನಿಂತಿದೆ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಉಜ್ಜಿದ್ರೆ ತಗಡು ಪಳಪಳ ಅನ್ನತ್ತೆ, ಆ ಹೊಳಪು ಒಳ್ಳೇದಲ್ಲ, ಪ್ರೈಮರಿಗೆ ಕಚ್ಚಿಕೊಳ್ಳೋಕೆ ಗೀರು ಬೇಕು. ಅದಕ್ಕೇ ನಾನು ಕೊನೆಗೆ 80 ನಂಬರಿನ ಪೇಪರಲ್ಲಿ ಇಡೀ ಬಾಡಿ ಉಜ್ಜಿ, ಚೂಪಾದ ಗೀರುಗಳನ್ನ 180ರಲ್ಲಿ ತಗ್ಗಿಸಿದೆ. ಗುಳಿಗಳಲ್ಲಿ ಕಪ್ಪಗೆ ಕೂತಿದ್ದ ತುಕ್ಕಿಗೆ ಫಾಸ್ಫರಿಕ್ ಆಸಿಡ್ ಇರೋ ರಸ್ಟ್ ರಿಮೂವರ್ ಹಚ್ಚಿ, ಒಣಗೋಕೆ ಬಿಡದೆ ಉಜ್ತಾ ಇದ್ದು, ಡಬ್ಬದ ಮೇಲೆ ಹೇಳಿದ ಹಾಗೆ ತೊಳೆದು, ಬಿಸಿಗಾಳಿ ಕೊಟ್ಟು ಒಣಗಿಸಿ, ಮತ್ತೆ ಉಜ್ಜಿದೆ, ಯಾಕಂದ್ರೆ ಆಸಿಡ್ ಅಂಶ ಉಳಿದ್ರೆ ಎಪಾಕ್ಸಿ ಅಲ್ಲೇ ಸಡಿಲ ಆಗತ್ತೆ. ಬಾಡಿ ತಗಡಿಗೆ ಮರಳು ಬ್ಲಾಸ್ಟಿಂಗ್ ಮಾಡಿಸ್ಲಿಲ್ಲ, ಜೋರಾಗಿ ಹೊಡೆದ್ರೆ ಬಾನೆಟ್, ರೂಫ್ ಥರದ ಅಗಲ ತಗಡು ಹಿಗ್ಗಿ ಅಲೆಅಲೆ ಆಗತ್ತೆ, ಚಾಸಿಸ್ಸಿಗೆ ಅದು ಸರಿ. ಆಮೇಲೆ ಗ್ರೀಸ್ ರಿಮೂವರ್, ಒಂದು ಬಟ್ಟೇಲಿ ಒರೆಸಿ ಅದು ಆರೋದ್ರೊಳಗೆ ಇನ್ನೊಂದು ಒಣ ಬಟ್ಟೇಲಿ ತೆಗೀಬೇಕು, ಆರೋಕೆ ಬಿಟ್ರೆ ಜಿಡ್ಡು ಮತ್ತೆ ಅಲ್ಲೇ ಕೂರತ್ತೆ. ಬರಿಗೈ ಮುಟ್ಟಿಸ್ಲೇಬೇಡಿ, ಬೆವರಿನ ಉಪ್ಪು ಸಾಕು ತುಕ್ಕಿಗೆ. ಉಜ್ಜಿದ ದಿನಾನೇ ಪ್ರೈಮರ್ ಬೀಳ್ಬೇಕು, ಹವೆ ತೇವ ಇದ್ರೆ ಬರೀ ತಗಡು ಕೆಲವೇ ಗಂಟೇಲಿ ಕೆಂಪಗಾಗತ್ತೆ.

ಚಳೀಲಿ ಎಪಾಕ್ಸಿ ಹೊಡೀಬೇಡಿ. 15 ಡಿಗ್ರಿಗಿಂತ ಕೆಳಗೆ ಹೋದ್ರೆ ಸುಮಾರು ಎಪಾಕ್ಸಿಗಳು ಗಟ್ಟಿಯಾಗೋದು ಬಹಳ ನಿಧಾನ ಆಗತ್ತೆ, ನೋಡ್ಬೇಕಾಗಿರೋದು ಗಾಳಿಯ ಬಿಸಿ ಅಲ್ಲ, ತಗಡಿನ ಬಿಸಿ. ಕಲಸಿದ ಮೇಲೆ ಕೆಲವಕ್ಕೆ ಅರ್ಧ ಗಂಟೆ ಹಾಗೇ ಇಡಬೇಕು, ಕೆಲವಕ್ಕೆ ಬೇಡ, ಕಂಪನಿಯ ಡೇಟಾ ಶೀಟ್ ನೋಡಿ. ನಾನು ಎರಡು ಕೋಟ್ ಕೊಟ್ಟೆ, ಮಧ್ಯೆ ಥಿನ್ನರ್ ಆರೋಕೆ ಪೂರ್ತಿ ಟೈಮ್ ಬಿಟ್ಟು. ಚೆನ್ನಾಗಿ ಗಟ್ಟಿಯಾದ್ಮೇಲೆ ಪುಟ್ಟಿ ಬೀಳೋ ಜಾಗ 180ರಲ್ಲಿ ಗೀರಿ ಪುಟ್ಟಿ, ಅದರ ಮೇಲೆ ಸರ್ಫೇಸರ್. ಬ್ಲಾಕ್ ಇಟ್ಟು ಉಜ್ಜುವಾಗ ಅಂಚುಗಳಲ್ಲಿ ತಗಡು ಕಂಡೇ ಕಾಣತ್ತೆ, ಕಂಡ ಕಡೆಯೆಲ್ಲಾ ಮತ್ತೆ ಸ್ವಲ್ಪ ಎಪಾಕ್ಸಿ ಕೊಡಿ, ಕಲರ್ ಮುಚ್ಕೊಳತ್ತೆ ಅಂತ ಬಿಟ್ಬಿಡಬೇಡಿ, ಗುಳ್ಳೆ ಏಳೋದು ಅಲ್ಲಿಂದಾನೇ.

ಮಾಸ್ಕ್ ವಿಷಯದಲ್ಲಿ ದಯವಿಟ್ಟು ಉದಾಸೀನ ಬೇಡ. ಎರಡು ಡಬ್ಬದ ಸರ್ಫೇಸರ್, ಕಲರ್, ಅದರ ಮೇಲೆ ಹೊಡೆಯೋ ಬಣ್ಣವಿಲ್ಲದ ಕ್ಲಿಯರ್ ಕೋಟ್ ಇವುಗಳ ಹಾರ್ಡ್ನರಲ್ಲಿ ಸಾಮಾನ್ಯವಾಗಿ ಐಸೋಸೈನೇಟ್ ಇರತ್ತೆ, ಅದರಿಂದ ಅಸ್ತಮಾ ಬರತ್ತೆ, ಬಟ್ಟೆ ಕಟ್ಕೊಂಡ್ರೆ ಏನೂ ಪ್ರಯೋಜನ ಇಲ್ಲ, ಹೊರಗಿಂದ ಗಾಳಿ ಕೊಡೋ ಮಾಸ್ಕೇ ಸರಿ. ಎಪಾಕ್ಸಿ ಚರ್ಮಕ್ಕೆ ಅಲರ್ಜಿ ತರತ್ತೆ, ಗ್ಲೌಸ್ ಹಾಕಿ. ಹಳೇ ಪೇಂಟಲ್ಲಿ ಸೀಸ ಇರಬಹುದು, ಅದರ ಧೂಳು ಮನೆಯೊಳಗೆ ಬರೋದು ಬೇಡ.

ಇನ್ನು ಹೊಸ ಡೋರು, ಫೆಂಡರ್ ತಂದ್ರೆ ಅದರ ಮೇಲೆ ಕಪ್ಪು ಬಣ್ಣ ಇರತ್ತಲ್ಲ, ಅದನ್ನ ಕಣ್ಮುಚ್ಚಿ ಕೀಳಬೇಡಿ. ಬಟ್ಟೇಲಿ ಥಿನ್ನರ್ ಹಚ್ಚಿ ಉಜ್ಜಿ ನೋಡಿ, ಕರಗಿ ಬಂದ್ರೆ ಅದು ಸಾಗಿಸೋವಾಗ ತುಕ್ಕು ಹಿಡಿಯದಿರಲಿ ಅಂತ ಹೊಡೆದಿರೋದು, ಪೂರ್ತಿ ತೆಗೆದು ತಗಡಿಂದ ಶುರು ಮಾಡಿ. ಅಲ್ಲಾಡದೆ ನಿಂತ್ರೆ ಅದು ಫ್ಯಾಕ್ಟರೀಲಿ ಮುಳುಗಿಸಿ ಹಾಕಿರೋ ಇ-ಕೋಟ್, ಸುಮ್ನೆ ಮೇಲೆ ಗೀರಿ ಅದರ ಮೇಲೇ ಎಪಾಕ್ಸಿ ಹೊಡೀರಿ.