ಅಜ್ಜನ ಗೋಡೆಯ ಮಣ್ಣು, ನಮ್ಮ ಹೊಸ ಮನೆ

ಹಳೆ ಮನೆ ಕೆಡವಿದ ದಿನ ಅಂಗಳದಲ್ಲಿ ಮಣ್ಣಿನ ಗುಡ್ಡವೇ ಎದ್ದಿತು. ಮೇಸ್ತ್ರಿ ಒಂದು ಸುತ್ತು ನೋಡಿ, "ಗೌಡ್ರೆ, ಹತ್ತಾರು ಟ್ರ್ಯಾಕ್ಟರ್ ಲೋಡು. ಹಳ್ಳದ ಕಡೆ ಹಾಕಿಸಿಬಿಡೋಣ" ಅಂದರು. ಶಿವಮೊಗ್ಗ ಜಿಲ್ಲೆಯ ನಮ್ಮ ಸಾಗರದ ಕಡೆ ಈಗ ಎಲ್ಲರೂ ಹಾಗೇ ಮಾಡುತ್ತಾರೆ. ನಾನು ಬೇಡ ಅಂದೆ. ಅದೇ ಮಣ್ಣಿನಿಂದ ಇಟ್ಟಿಗೆ ಒತ್ತಬೇಕು ಅಂತ ಆಗಲೇ ತಲೆಯಲ್ಲಿ ಕೂತಿತ್ತು.

ಕಾರಣ ದೊಡ್ಡದೇನಲ್ಲ. ಸುಟ್ಟ ಇಟ್ಟಿಗೆ ಬಯಲುಸೀಮೆಯಿಂದ ಲಾರಿಯಲ್ಲಿ ಬರಬೇಕು, ಅದನ್ನು ಸುಡುವುದಕ್ಕೆ ಸೌದೆ ಬೇರೆ. ಸಿಮೆಂಟಿನ ಕಥೆ ಇನ್ನೂ ಕಷ್ಟ. ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿಯವರೆಗೆ ಕಾಯಿಸಬೇಕು. ಆಗ ಹೊರಬೀಳುವ ಇಂಗಾಲದ ಡೈಆಕ್ಸೈಡಿನಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ಉರಿಯಿಂದಲ್ಲ, ಕಲ್ಲಿನೊಳಗಿಂದಲೇ. ಅಂದರೆ ಒಲೆ ಎಷ್ಟು ಸುಧಾರಿಸಿದರೂ ಅದು ತಪ್ಪುವುದಿಲ್ಲ. ಹಾಗಂತ ಸಿಮೆಂಟ್ ಪೂರ್ತಿ ಬಿಡುತ್ತೇನೆ ಅಂತ ಹಟ ಹಿಡಿಯಲಿಲ್ಲ. ಎಲ್ಲಿ ಬೇಕೇ ಬೇಕೋ ಅಲ್ಲಿ ಮಾತ್ರ ಹಾಕೋಣ ಅಂದುಕೊಂಡೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕೆಂದು ಶುರುವಾದ 'ಅಸ್ತ್ರ' ವಿಭಾಗದವರು ಕೈಯಿಂದ ಒತ್ತುವ ಮಣ್ಣಿಟ್ಟಿಗೆ ಯಂತ್ರ ಮಾಡಿದ್ದರು. ಹೆಸರು ಮರ್ದಿನಿ. ಅದೇ ಮಾದರಿಯ ಒಂದು ಯಂತ್ರ ಬಾಡಿಗೆಗೆ ಸಿಕ್ಕಿತು. ಉದ್ದನೆ ಹಿಡಿಕೆ ಎಳೆದರೆ 23 ಸೆಂಟಿಮೀಟರ್ ಉದ್ದ, 19 ಅಗಲ, 10 ಎತ್ತರದ ಇಟ್ಟಿಗೆ ಬರುತ್ತದೆ. ಒಣಗಿದ ಮೇಲೆ ಎಂಟು ಕಿಲೋ ತೂಕ.

ಮೊದಲ ಸಲ ಎಡವಿದೆ. ಹಳೆ ಗೋಡೆಯ ಮಣ್ಣು ಜರಡಿ ಹಿಡಿಯುವುದಕ್ಕೆ ಬೇಜಾರಾಗಿ, ಮನೆ ಹಿಂದಿನ ಗುಡ್ಡದ ಧರೆ ಕಡಿದ ಮಣ್ಣನ್ನೇ ಹಾಕಿಸಿದೆ. ಕೆಂಪಗೆ, ನೋಡಲು ಚೆಂದ. 150 ಇಟ್ಟಿಗೆ ಒತ್ತಿದೆವು. ವಾರದಲ್ಲಿ ಅರ್ಧಕ್ಕರ್ಧ ಬಿರುಕು. ಮೇಸ್ತ್ರಿ ಏನೂ ಅನ್ನಲಿಲ್ಲ, ಬೀಡಿ ಹಚ್ಚಿಕೊಂಡು ನೋಡಿದರು ಅಷ್ಟೇ. ಅಮ್ಮ ಮಾತ್ರ, "ನಿಮ್ಮಜ್ಜನ ಗೋಡೆ ಎಂಬತ್ತು ವರ್ಷ ನಿಂತಿತ್ತಲ್ಲೋ, ಆ ಮಣ್ಣಿಗೆ ಏನಾಗಿತ್ತು?" ಅಂದಳು.

ಆಗ ಕೂತು ಬಾಟಲಿ ಪರೀಕ್ಷೆ ಮಾಡಿದೆ. ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಪಾಲು ಮಣ್ಣು, ಉಳಿದದ್ದು ನೀರು, ಚಿಟಿಕೆ ಉಪ್ಪು. ಚೆನ್ನಾಗಿ ಕುಲುಕಿ ಇಟ್ಟರೆ ಮರಳು ಒಂದೆರಡು ನಿಮಿಷದಲ್ಲಿ ತಳ ಹಿಡಿಯುತ್ತದೆ, ಜೇಡಿ ಕೂರಲು ದಿನ ಬೇಕು. ಧರೆ ಮಣ್ಣಿನಲ್ಲಿ ಜೇಡಿಯೇ ಅರ್ಧದ ಹತ್ತಿರ ಇತ್ತು. ಸಿಮೆಂಟ್ ಹಾಕಿ ಒತ್ತುವ ಇಟ್ಟಿಗೆಗೆ ಜೇಡಿ ಶೇಕಡಾ 15ರ ಆಸುಪಾಸು ಇದ್ದರೆ ಚೆನ್ನ. ಜಾಸ್ತಿಯಾದರೆ ಒಣಗುವಾಗ ಕುಗ್ಗಿ ಸೀಳುತ್ತದೆ. ಅಜ್ಜನ ಮಣ್ಣಿನಲ್ಲಿ ಮರಳು ಮೊದಲೇ ಸೇರಿತ್ತು. ಹುಲ್ಲು, ಬೇರು ಜರಡಿಯಲ್ಲಿ ತೆಗೆದು, ಕ್ರಷರ್‌ನ ಜಲ್ಲಿಪುಡಿ ಸ್ವಲ್ಪ ಬೆರೆಸಿ, ಶೇಕಡಾ ಏಳು ಸಿಮೆಂಟ್ ಹಾಕಿದೆವು. 50 ಕಿಲೋ ಚೀಲಕ್ಕೆ 90 ಇಟ್ಟಿಗೆ ಬಂದವು.

ನೀರಿನ ಹದ ಕೈಗೆ ಬರಲು ಎರಡು ದಿನ ಬೇಕಾಯಿತು. ಒಂದು ಹಿಡಿ ಉಂಡೆ ಕಟ್ಟಿ ಸೊಂಟದೆತ್ತರದಿಂದ ಬಿಡಬೇಕು. ನಾಲ್ಕೈದು ತುಂಡಾದರೆ ಸರಿ. ಚಪ್ಪಟೆಯಾದರೆ ನೀರು ಜಾಸ್ತಿ, ಪುಡಿಪುಡಿಯಾದರೆ ಕಡಿಮೆ. ಕಲಸಿದ್ದನ್ನು ಒಂದು ಗಂಟೆಯೊಳಗೆ ಒತ್ತಿ ಮುಗಿಸಬೇಕು. ಊಟಕ್ಕೆ ಹೋಗಿ ಬಂದು ಒತ್ತಿದ ಇಟ್ಟಿಗೆ ಕೈಯಲ್ಲೇ ಉದುರಿತು!

ಐದು ಜನ ಸೇರಿ ದಿನಕ್ಕೆ 300ರಿಂದ 350. ಒಟ್ಟು 5,500 ಬೇಕಾಯಿತು. ಇಟ್ಟಿಗೆಯನ್ನು ನೆರಳಿನಲ್ಲಿ ಪೇರಿಸಿ, ಮೇಲೆ ಅಡಿಕೆ ಸೋಗೆ ಮುಚ್ಚಿ, 21 ದಿನ ನೀರು ಚಿಮುಕಿಸಿದೆವು. ಬೆಳಿಗ್ಗೆ-ಸಂಜೆ ಅದು ಅಮ್ಮನದೇ ಕೆಲಸ. ಗೋಡೆ ಕಟ್ಟುವ ಗಾರೆಗೂ 1 ಪಾಲು ಸಿಮೆಂಟಿಗೆ 2 ಪಾಲು ಮಣ್ಣು, 6 ಪಾಲು ಮರಳು. ಅಡಿಪಾಯಕ್ಕೆ ಹಳೆ ಮನೆಯ ಕಲ್ಲೇ ಸಾಕಾಯಿತು. ನೆಲದಿಂದ ಎರಡಡಿ ಮಾತ್ರ ಜಂಬಿಟ್ಟಿಗೆ, ಅಂದರೆ ಕೆಂಪು ಮುರಕಲ್ಲು ಹಾಕಿದೆ, ಸೂರಿನ ನೀರು ಸಿಡಿಯುವುದು ಅಲ್ಲಿಗೇ ಅಲ್ವಾ. ಇಡೀ ಮನೆಗೇ ಅದನ್ನು ಹಾಕಬಹುದಿತ್ತು. ಆದರೆ ಜಂಬಿಟ್ಟಿಗೆ ತೆಗೆದ ಗುಡ್ಡಗಳ ಹೊಂಡ ನೋಡಿದರೆ ಮನಸ್ಸಾಗುವುದಿಲ್ಲ.

ಮಾಡಿಗೆ ಹಳೆ ಮಂಗಳೂರು ಹೆಂಚನ್ನೇ ತೊಳೆದು ಹೊದಿಸಿದೆವು. ಒಡೆದಿದ್ದು ಹತ್ತರಲ್ಲಿ ಒಂದು. ತೊಲೆಗಳಿಗೆ ಒರಲೆ (ಗೆದ್ದಲು) ಹತ್ತದಂತೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಗೇರೆಣ್ಣೆ ಬಳಿದೆವು. ಕೈಗೆ ತಾಗಿದರೆ ಸುಡುತ್ತದೆ, ಹುಷಾರು. ಬಚ್ಚಲು ಮತ್ತು ನೀರಿನ ತೊಟ್ಟಿಗೆ ಮಾತ್ರ ಕಾಂಕ್ರೀಟ್. ಅದಕ್ಕೆ ಕಬ್ಬಿಣದ ಕಾರ್ಖಾನೆಯ ಕಿಟ್ಟ ಸೇರಿಸಿದ ಸ್ಲ್ಯಾಗ್ ಸಿಮೆಂಟ್ ತಂದೆ. ಅದರಲ್ಲಿ ಸುಟ್ಟ ಸುಣ್ಣದಕಲ್ಲಿನ ಪಾಲು ಕಡಿಮೆ. ಗಟ್ಟಿಯಾಗುವುದು ನಿಧಾನ, ನೀರು ಹೊಡೆಯುವ ದಿನ ಜಾಸ್ತಿ, ಅಷ್ಟೇ ವ್ಯತ್ಯಾಸ.

ದುಡ್ಡು ಉಳಿಯಿತಾ ಅಂತ ಎಲ್ಲರೂ ಕೇಳುತ್ತಾರೆ. ಸಾಮಾನಿನಲ್ಲಿ ಉಳಿಯಿತು, ಕೂಲಿಯಲ್ಲಿ ಹೋಯಿತು. ಹೆಚ್ಚು ಕಡಿಮೆ ಸಮ.

ಮೊದಲ ಮಳೆಗಾಲದಲ್ಲಿ ಪಡುವಣ ಗೋಡೆ ಒಳಗಿನಿಂದ ತಣ್ಣಗೆ ಜಿನುಗಿತು. ಮೂರಡಿ ಸೂರು ಇಳಿಸಿದ್ದರೂ ನಮ್ಮ ಕಡೆಯ ಅಡ್ಡಮಳೆಗೆ ಸಾಲಲಿಲ್ಲ. ಅಜ್ಜ ಪ್ರತಿ ವರ್ಷ ಆ ಬದಿಗೆ ಸೋಗೆ ತಟ್ಟಿ ಕಟ್ಟುತ್ತಿದ್ದುದು ನೆನಪಾಯಿತು. ಈಗ ನಾವೂ ಮೇ ಕೊನೆಯ ವಾರ ಕಟ್ಟುತ್ತೇವೆ. ಈ ಸಲ ತೋಟದಲ್ಲಿ ಸೋಗೆ ಕಡಿಮೆ ಬಿದ್ದಿದೆ. ಪಕ್ಕದ ಮನೆಯವರನ್ನು ಕೇಳಬೇಕು.